ಒಲೆ ಮೇಲಿನ ಘಮ ಯಾರಿಗೆ? (ಅಡುಗೆಮನೆ ಮಾತು, ಭಾಗ 6)

ಈ ಸಲ ಸ್ವಲ್ಪ ಜಗಳ ತೆಗೆಯೋ ಮೂಡ್‌ನಲ್ಲಿದ್ದೀನಿ, ಮೊದಲೇ ಹೇಳ್ಬಿಡ್ತೀನಿ.

ಯುಗಾದಿ ಹತ್ರ ಬಂತು ಅಂದ್ರೆ ಸಾಕು, ಫೀಡ್ ತುಂಬಾ ಅದೇ ರೀಲ್. ಬಿಳಿ ಅಡುಗೆಮನೆ, ಹೊಳೆಯೋ ಪಾತ್ರೆ, ಅದರಲ್ಲಿ ತೇಲೋ ಕಿತ್ತಳೆ ಬಿಲ್ಲೆ, ರೋಸ್‌ಮೆರಿ ಕಡ್ಡಿ, ಚಕ್ಕೆ. ಸಿಮ್ಮರ್ ಪಾಟ್ ಅಂತೆ. ಸಣ್ಣ ಉರೀಲಿ ಕುದಿಸಿದ್ರೆ ಮನೆಯೆಲ್ಲ ಘಮ್ ಅನ್ನುತ್ತೆ. ಐಡಿಯಾ ಚೆನ್ನಾಗೇ ಇದೆ, ನಾನೂ ಮಾಡ್ತೀನಿ. ಆದ್ರೆ ನಮ್ಮ ಕ್ಲಾಸಿನವರೇ ಇಬ್ಬರು ಇದಕ್ಕೋಸ್ಕರ ರೋಸ್‌ಮೆರಿನೂ ಒಣಗಿಸಿದ ಕಿತ್ತಳೆ ಬಿಲ್ಲೆನೂ ಆರ್ಡರ್ ಮಾಡಿದ್ದಾರೆ. ಚೈತ್ರ ಮಾಸದಲ್ಲಿ, ನಮ್ಮೂರಲ್ಲಿ, ಘಮಕ್ಕೆ ದುಡ್ಡು ಕೊಟ್ಟು ಡೆಲಿವರಿ ತರಿಸ್ಕೋಬೇಕಾ?

ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಹೋದ ವರ್ಷದ ಕಥೆ.

ಪ್ರಾಜೆಕ್ಟ್‌ಗೆ ಅಂತ ನಾಲ್ಕು ಜನ ನಮ್ಮನೆಗೆ ಬರೋರಿದ್ರು. ನಮ್ಮದು ಎರಡು ರೂಮಿನ ಬಾಡಿಗೆ ಮನೆ, ಅಜ್ಜಿ ಮಲಗೋದು ಹಾಲ್‌ನಲ್ಲೇ. ಮಂಡಿಗೆ ಹಚ್ಚೋ ಎಣ್ಣೆ, ಬೆಳಗಿನ ಬೆಳ್ಳುಳ್ಳಿ ಒಗ್ಗರಣೆ, ಒಳಗೇ ಒಣಹಾಕಿದ ಬಟ್ಟೆ, ಎಲ್ಲಾ ಸೇರಿ ಬಾಗಿಲಲ್ಲೇ ಮೂಗಿಗೆ ಬಡಿಯುತ್ತೆ ಅಂತ ನಂಗೆ ನಾಚಿಕೆ. ಧೂಳು ಬರುತ್ತೆ ಅಂತ ಕಿಟಕಿ ಹಾಕಿ, ಅರ್ಧ ಡಬ್ಬಿ ರೂಮ್ ಫ್ರೆಶ್‌ನರ್ ಹೊಡೆದೆ. ಅಜ್ಜಿಗೆ ಉಬ್ಬಸ ಇದೆ. ಗೊತ್ತಿತ್ತು, ಆ ಹೊತ್ತಿಗೆ ನೆನಪಾಗ್ಲಿಲ್ಲ. ಫ್ರೆಂಡ್ಸ್ ಬರೋ ಹೊತ್ತಿಗೆ ಅಜ್ಜಿ ಹೊರಗೆ ಮೆಟ್ಟಿಲ ಮೇಲೆ ಕೂತು ಇನ್‌ಹೇಲರ್ ಎಳೀತಾ ಇದ್ರು. ಅಮ್ಮ ಬೈಲಿಲ್ಲ. "ಬರೋರ ಮೂಗು ಎರಡು ಗಂಟೆ ಇಲ್ಲಿರುತ್ತೆ ಕಣೇ, ಇವರ ಮೂಗು ದಿನವೂ ಇಲ್ಲೇ ಇರುತ್ತೆ" ಅಂದ್ರು, ಅಷ್ಟೇ.

ಬೈದಿದ್ರೆ ಒಳ್ಳೇದಿತ್ತು.

ಆಮೇಲೆ ಡಬ್ಬಿ ಬಿಟ್ಟು ಪಾತ್ರೆಗೆ ಬಂದೆ. ಆದ್ರೆ "ನ್ಯಾಚುರಲ್ ಅಲ್ವಾ, ಏನೂ ಆಗಲ್ಲ" ಅಂತ ಮಾತ್ರ ನಾನು ಹೇಳಲ್ಲ. ಕಿತ್ತಳೆ, ನಿಂಬೆ ಸಿಪ್ಪೆಯ ಘಮಕ್ಕೆ ಮುಖ್ಯ ಕಾರಣ ಲಿಮೋನೀನ್ ಅನ್ನೋ ವಸ್ತು. ಎಷ್ಟೋ ಸ್ಪ್ರೇಗಳಲ್ಲೂ ಅದೇ ಇರುತ್ತೆ. ಗಾಳಿಯಲ್ಲಿರೋ ಓಝೋನ್ ಜೊತೆ ಸೇರಿದ್ರೆ ಅದರಿಂದ ಫಾರ್ಮಾಲ್ಡಿಹೈಡ್ ಹುಟ್ಟುತ್ತೆ. ನೀನು ಸಿಪ್ಪೆಯಿಂದ ಬಂದ್ಯಾ, ಡಬ್ಬಿಯಿಂದ ಬಂದ್ಯಾ ಅಂತ ಓಝೋನ್ ವಿಚಾರಿಸಲ್ಲ! ಗ್ಯಾಸ್ ಒಲೆ ಉರಿಯಿಂದಲೂ ನೈಟ್ರೋಜನ್ ಡಯಾಕ್ಸೈಡ್ ಬರುತ್ತೆ, ಉಬ್ಬಸ ಇರೋರಿಗೆ ಅದೂ ಆಗಿಬರಲ್ಲ. ಹಾಗಾಗಿ ಕಿಟಕಿ ತೆಗೆದಿಟ್ಟೇ ಒಲೆ ಹಚ್ಚಿ. ಕಿಟಕಿ ತೆಗೆದ ಮೇಲೆ ಅರ್ಧಕ್ಕರ್ಧ ದಿನ ಪಾತ್ರೆಯ ಅವಶ್ಯಕತೆನೇ ಬೀಳಲ್ಲ, ಅದು ಬೇರೆ ಮಾತು. ಸಿಂಕ್ ಕೆಳಗಿನ ಕಸದ ಬುಟ್ಟಿ ನಾರ್ತಾ ಇದ್ರೆ ಚಕ್ಕೆ ಲವಂಗ ಏನು ಮಾಡುತ್ತೆ ಪಾಪ.

ಈಗ ನನ್ನ ಪಾತ್ರೆ. ರಾಮನವಮಿ ದಿನ ಪಾನಕ ಮಾಡ್ತೀವಲ್ಲ, ಹಿಂಡಿದ ನಿಂಬೆ ಹೋಳು, ಏಲಕ್ಕಿ ಸಿಪ್ಪೆ, ಶುಂಠಿ ಚೂರು ಉಳಿಯುತ್ತೆ. ಬಿಸಾಡೋ ಮಾಲೇ ಇಲ್ಲಿ ಬಂಗಾರ. ಮೂರು ಲೋಟ ನೀರು, ನಾಲ್ಕೈದು ನಿಂಬೆ ಹೋಳು, ಒಂದು ಹಿಡಿ ಏಲಕ್ಕಿ ಸಿಪ್ಪೆ, ಬೆರಳುದ್ದ ಚಕ್ಕೆ. ಸ್ಟೀಲ್ ಪಾತ್ರೆನೇ ಇರ್ಲಿ, ಹುಳಿಗೆ ಅಲ್ಯೂಮಿನಿಯಂ ಆಗಲ್ಲ. ಒಂದು ಕುದಿ ಬಂದ್ಮೇಲೆ ಸಿಮ್‌ನಲ್ಲಿ 15–20 ನಿಮಿಷ, ಆಫ್ ಮಾಡಿ. ರೀಲ್‌ನವರ ಥರ ದಿನವಿಡೀ ಕುದಿಸಿದ್ರೆ ಸಿಲಿಂಡರ್ ಯಾರಪ್ಪಂದು? ಹೊತ್ತಾದ ಮೇಲೆ ನಿಂಬೆ ಸಿಪ್ಪೆ ಬೆಂದ ತರಕಾರಿ ವಾಸನೆ ಬೇರೆ ಹೊಡೆಯುತ್ತೆ. ಮಜ್ಜಿಗೆ ಹುಲ್ಲು ಕುಂಡದಲ್ಲಿದ್ರೆ ಎರಡು ಗರಿ ಗಂಟು ಕಟ್ಟಿ ಹಾಕಿ, ಬೇರೇನೂ ಬೇಡ. ಒಲೆ ಮೇಲಿಟ್ಟು ಫೋನ್ ಹಿಡ್ಕೊಂಡು ರೂಮಿಗೆ ಹೋಗ್ಬೇಡಿ. ನಾನು ಹೋಗಿದ್ದೆ. ನೀರು ಆರಿ, ತಳ ಹತ್ತಿ, ಮೂರು ದಿನ ಮನೆ ಸುಟ್ಟ ವಾಸನೆ.

ಮಲ್ಲಿಗೆ ಹಾಕ್ಬಹುದಾ ಅಂತ ಹಿಂದಿನ ಭಾಗದಲ್ಲಿ ತುಂಬಾ ಜನ ಕೇಳಿದ್ರಿ. ದಯವಿಟ್ಟು ಬೇಡ. ಮಲ್ಲಿಗೆ ಘಮ ಬಿಸಿಗೆ ಕೆಡುತ್ತೆ. ಫ್ರಾನ್ಸಿನ ಗ್ರಾಸ್ ಊರಿನ ಸುಗಂಧದವರು ಸಹ ಹಿಂದೆ ಮಲ್ಲಿಗೆ ಜಾತಿಯ ಹೂವನ್ನ ಕುದಿಸದೆ, ತಣ್ಣಗಿರೋ ಕೊಬ್ಬಿನ ಮೇಲೆ ಹಾಸಿ ಘಮ ಹೀರಿಸ್ತಿದ್ರು. ನಮಗೆ ಅಷ್ಟೆಲ್ಲ ಬೇಡ, ಬಟ್ಟಲಲ್ಲಿ ತಣ್ಣೀರು, ಮೇಲೆ ಒಂದು ಹಿಡಿ ಮೊಗ್ಗು, ಸಂಜೆ ಅರಳುತ್ತೆ. ದವನನೂ ಈಗ ಹೂವಿನ ಅಂಗಡೀಲಿ ಸಿಗುತ್ತೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು, ಅಷ್ಟು ಈ ಕಾಲದ ಗಿಡ ಅದು. ಒಲೆ ಆರಿಸಿದ ಮೇಲೆ ಆ ಬಿಸಿ ನೀರಿಗೆ ಒಂದೇ ಕಡ್ಡಿ ಹಾಕಿ ನೋಡಿ. ಒಂದೇ! ಕರ್ಪೂರ ಮಾತ್ರ ಪಾತ್ರೆ ಹತ್ರನೂ ತರಬೇಡಿ, ಬೆಂಕಿ ಹತ್ತುತ್ತೆ, ಚಿಕ್ಕ ಮಕ್ಕಳಿಗೆ ವಿಷ.

ಈ ವರ್ಷ ಏನು ಹಾಕೋದು ಅಂತ ಅಜ್ಜೀನೇ ಕೇಳ್ದೆ. ಮೊದಲು ಒಂದೇ ನಿಂಬೆ ಹೋಳು ಹಾಕಿ ಐದು ನಿಮಿಷ ಇಟ್ಟು ನೋಡಿದ್ವಿ, ಕೆಮ್ಮು ಬರ್ಲಿಲ್ಲ. ಏಲಕ್ಕಿ ಓಕೆ. ಲವಂಗ ಬೇಡ್ವೇ ಬೇಡ, "ಹಲ್ಲುನೋವು ಜ್ಞಾಪಕ ಬರುತ್ತೆ" ಅಂತೆ. ಲಾವಂಚದ ಬೇರು ಇದ್ರೆ ಕುಡಿಯೋ ನೀರಿನ ಮಡಕೆಗೇ ಹಾಕು, ಒಲೆ ಯಾಕೆ ಹಚ್ತೀಯ ಅಂದ್ರು. ಮಂಡಿ ಎಣ್ಣೆ ವಾಸನೆ ಇನ್ನೂ ಹಾಗೇ ಇದೆ. ಮೊನ್ನೆ ಅದೇ ನಾಲ್ಕು ಜನ ಬಂದಿದ್ರು, ಒಬ್ಬಳು ಒಳಗೆ ಬರ್ತಿದ್ದ ಹಾಗೇ "ನಮ್ಮಜ್ಜಿ ಮನೆಗೆ ಬಂದಂಗಾಯ್ತು" ಅಂದ್ಳು.

ನಿಮ್ಮನೇಲಿ ಯಾರ ಮೂಗಿನ ಮಾತು ನಡೆಯುತ್ತೆ? ಕೆಳಗೆ ಬರೀರಿ.