ಮುಳುಗಿದ ದೋಣಿ, ತೇಲುವ ವದಂತಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನಿಂತು ನೋಡಿದರೆ ಕಡಲು ಕಣ್ಣಿಗೆ ಬೀಳದು. ಆದರೂ ಈ ಮೂರೂ ಊರುಗಳು ಕಡಲಿನೊಂದಿಗಿನ ನಂಟನ್ನು ಎಂದೂ ಕಡಿದುಕೊಂಡವಲ್ಲ. ಬೆಳ್ತಂಗಡಿ ಸೀಮೆಯ ಹಲವು ಹೊಳೆಗಳು ನೇತ್ರಾವತಿಯನ್ನು ಕೂಡಿಕೊಂಡು ಪಡುಗಡಲಿಗೆ ಇಳಿಯುತ್ತವೆ. ಒಳ್ಳೆಯ ರಸ್ತೆಗಳಿಲ್ಲದ ಕಾಲದಲ್ಲಿ ಘಟ್ಟದ ಮೇಲಿನ ಸರಕು ಬಂಟ್ವಾಳದ ಪೇಟೆಗೆ ಬಂದು, ಅಲ್ಲಿಂದ ದೋಣಿಯೇರಿ ಮಂಗಳೂರನ್ನು ಸೇರುತ್ತಿತ್ತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆತ್ತನೆಗಳಲ್ಲಿ ಈ ನೆಲದಲ್ಲಿಲ್ಲದ ಜಿರಾಫೆಯೂ ಚೀನಾದೇಶದ ಡ್ರ್ಯಾಗನ್ ಕೂಡ ಕಾಣಿಸುವುದು ಹಡಗಿನ ವ್ಯಾಪಾರದ ಗುರುತೆಂದೇ ಬಲ್ಲವರು ಹೇಳುತ್ತಾರೆ. ಹೀಗಿರುವಾಗ ಕಡಲಿನಲ್ಲಿ ಒಂದು ದೋಣಿ ಕಾಣೆಯಾದರೆ ಅದರ ಸುದ್ದಿ ಇಲ್ಲಿಗೆ ಬಾರದಿರುವುದುಂಟೆ? ಬರುತ್ತದೆ. ಆದರೆ ಬರುವಾಗ ಸುದ್ದಿ ಒಂದೇ ಬರುವುದಿಲ್ಲ. ದಾರಿಯುದ್ದಕ್ಕೂ ಕಥೆಗಳನ್ನು ಕೂಡಿಸಿಕೊಂಡು ಬರುತ್ತದೆ. ಈ ತಿಂಗಳು ಅಂಥದೊಂದು ಪ್ರಸಂಗವನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

2018ರ ಡಿಸೆಂಬರ್ 13ರ ರಾತ್ರಿ ಮಲ್ಪೆಯ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರದ ಮೀನುಗಾರಿಕೆ ದೋಣಿ ಹೊರಟಿತು. ಅದರಲ್ಲಿದ್ದವರು ಏಳು ಮಂದಿ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಎರಡು ದಿನ ಕಳೆಯುವಷ್ಟರಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದ ಕಡೆಯ ಸಮುದ್ರದಲ್ಲಿ, ದೋಣಿಯ ಸಂಪರ್ಕ ತಪ್ಪಿತು. ನೌಕಾಪಡೆಯೂ ಕರಾವಳಿ ಕಾವಲು ಪಡೆಯೂ ಹುಡುಕಿದವು. ದಿನಗಳು ವಾರಗಳಾದವು. ದೋಣಿಯೂ ಸಿಗಲಿಲ್ಲ, ದೇಹಗಳೂ ಸಿಗಲಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ರಾಷ್ಟ್ರೀಯ ಹೆದ್ದಾರಿಗೆ ಇಳಿದು, ತಮ್ಮವರನ್ನು ಹುಡುಕಿಕೊಡಿರೆಂದು ಸರಕಾರವನ್ನು ಕೇಳಿದರು.

ಏನೂ ತಿಳಿಯದಿದ್ದ ಆ ಅವಧಿಯಲ್ಲಿ ವದಂತಿಗಳು ಹುಟ್ಟಿಕೊಂಡವು. ಕಡಲ್ಗಳ್ಳರು ದೋಣಿಯನ್ನು ಎಳೆದೊಯ್ದರು ಎಂದರು ಕೆಲವರು. ಭಯೋತ್ಪಾದಕರು ಅಪಹರಿಸಿದ್ದಾರೆ ಎಂದರು ಇನ್ನು ಕೆಲವರು. ಏಳೂ ಮಂದಿ ಪರದೇಶದ ಸೆರೆಯಲ್ಲಿದ್ದಾರೆ ಎಂಬ ಮಾತೂ ಹಬ್ಬಿತು. ಇವನ್ನು ನಂಬಿದವರನ್ನೆಲ್ಲ ಅವಿವೇಕಿಗಳೆಂದು ನಾವು ಹೇಳಲಾರೆವು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ನಡೆಸಿದವರು ಗುಜರಾತಿನ ‘ಕುಬೇರ’ ಎಂಬ ಮೀನುಗಾರಿಕೆ ದೋಣಿಯನ್ನು ಅಪಹರಿಸಿಕೊಂಡೇ ಬಂದಿದ್ದರಲ್ಲವೆ? ಒಮ್ಮೆ ನಡೆದದ್ದು ಮತ್ತೊಮ್ಮೆ ನಡೆಯಬಹುದೆಂಬ ಅಂಜಿಕೆ ಸಹಜವಾದುದು. ಆದರೆ ‘ನಡೆದಿರಬಹುದು’ ಎಂಬ ಮಾತು ನಾಲ್ಕು ಮಂದಿಯ ಕಿವಿ ದಾಟುವಷ್ಟರಲ್ಲಿ ‘ನಡೆದೇ ಹೋಗಿದೆ’ ಎಂದಾಗುತ್ತದೆ. ಕೆಡುಕು ಇರುವುದು ಅಲ್ಲಿಯೇ.

ಈ ಕೆಡುಕಿನ ಬೆಲೆಯನ್ನು ತೆತ್ತವರು ಯಾರು? ಕಥೆ ಹೇಳಿದವರಲ್ಲ. ಮನೆಯ ಯಜಮಾನನನ್ನೋ ಮಗನನ್ನೋ ಕಡಲಿಗೆ ಕಳುಹಿಸಿ ಬಾಗಿಲಲ್ಲಿ ಕಾದು ಕುಳಿತವರು. ಸೆರೆಯಲ್ಲಿದ್ದಾನೆ ಎಂಬ ಮಾತು ಕೇಳಿದಾಗ ತಾಯಿಗೆ ಆಸೆ ಚಿಗುರುತ್ತದೆ. ಮರುದಿನ ಅದು ಸುಳ್ಳೆಂದು ತಿಳಿದಾಗ ಬಾಡುತ್ತದೆ. ಮೃತದೇಹ ಕಂಡವರಿಗೆ ದುಃಖ ಒಮ್ಮೆ ಬರುತ್ತದೆ. ದೇಹ ಕಾಣದವರಿಗೆ ಪ್ರತಿಯೊಂದು ವದಂತಿಯೊಡನೆಯೂ ಬರುತ್ತದೆ. ಅಂತ್ಯಕ್ರಿಯೆ ಮಾಡಿದರೆ ಬದುಕಿರುವವನಿಗೆ ಕೇಡು ಬಯಸಿದಂತೆ, ಮಾಡದಿದ್ದರೆ ಸತ್ತವನಿಗೆ ಋಣ ಉಳಿಸಿಕೊಂಡಂತೆ. ವ್ಯವಹಾರದ ಕಷ್ಟವೂ ಇದೆ. ಒಬ್ಬನ ಸುಳಿವು ಏಳು ವರ್ಷಗಳ ಕಾಲ ಸಿಗದಿದ್ದರೆ ಮಾತ್ರ ಅವನು ತೀರಿಕೊಂಡನೆಂದು ಕಾನೂನು ಭಾವಿಸಿಕೊಳ್ಳುತ್ತದೆ. ಅಲ್ಲಿಯ ತನಕ ಬ್ಯಾಂಕಿನ ಖಾತೆ, ವಿಮೆಯ ಹಣ, ಆಸ್ತಿಯ ಕಾಗದಪತ್ರ ಎಲ್ಲದಕ್ಕೂ ಪುರಾವೆ ಕೇಳುವವರಿರುತ್ತಾರೆ. ಇಂಥ ಮನೆಯ ಅಂಗಳಕ್ಕೆ ಹೊಸದೊಂದು ಕಟ್ಟುಕಥೆಯನ್ನು ಒಯ್ಯುವುದು ಸಹಾನುಭೂತಿಯಲ್ಲ.

ನಾಲ್ಕೂವರೆ ತಿಂಗಳ ಬಳಿಕ, 2019ರ ಮೇ 1ರಂದು, ನೌಕಾಪಡೆಯ ಐ.ಎನ್.ಎಸ್. ನಿರೀಕ್ಷಕ್ ಹಡಗು ಮಾಲ್ವಣದ ಕರಾವಳಿಯಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ದೋಣಿಯ ಅವಶೇಷವನ್ನು ಪತ್ತೆ ಮಾಡಿತು. ಮಲ್ಪೆಯ ಕಡೆಯ ಮೀನುಗಾರರೂ ಆ ಹಡಗಿನಲ್ಲಿದ್ದರು. ಅಪಹರಣದ ಕಥೆಗಳೆಲ್ಲ ಅಂದಿಗೆ ಮುಗಿಯಬೇಕಾಗಿತ್ತು. ದೋಣಿ ಯಾವ ದೇಶಕ್ಕೂ ಹೋಗಿರಲಿಲ್ಲ. ಹೊರಟ ದಾರಿಯಲ್ಲಿಯೇ ಕಡಲ ತಳದಲ್ಲಿ ಮಲಗಿತ್ತು.

ಆದರೆ ಒಂದು ಪ್ರಶ್ನೆ ಉಳಿಯಿತು: ಮುಳುಗಿದ್ದು ಹೇಗೆ? ದೋಣಿ ಕಾಣೆಯಾದ ರಾತ್ರಿ ಆ ಭಾಗದಲ್ಲಿ ಸಂಚರಿಸಿದ ಐ.ಎನ್.ಎಸ್. ಕೊಚ್ಚಿ ಯುದ್ಧನೌಕೆ ತಾಗಿ ಅದು ಮುಳುಗಿರಬಹುದೆಂದು ಮೀನುಗಾರರು ಶಂಕಿಸಿದರು; ತನಿಖೆಯಾಗಲಿ ಎಂದು ಕೇಳಿದರು. ಈ ಶಂಕೆಯನ್ನು ಮೊದಲಿನ ವದಂತಿಗಳ ಸಾಲಿಗೆ ಸೇರಿಸಬಾರದೆಂದು ನಮ್ಮ ಅಭಿಪ್ರಾಯ. ಇಲ್ಲಿ ಒಂದು ಸ್ಥಳವಿದೆ, ಒಂದು ಹೊತ್ತಿದೆ, ಪರೀಕ್ಷಿಸಿ ನೋಡಬಹುದಾದ ಒಂದು ಸಂಗತಿಯಿದೆ. ಹೌದು ಎಂದೋ ಅಲ್ಲ ಎಂದೋ ಉತ್ತರ ಬರಬಲ್ಲ ಪ್ರಶ್ನೆ ಇದು. ಕಡಲಿನ ಕಾಯಕವನ್ನು ನಂಬಿ ಬದುಕುವವರು ಹಾಗೆ ಕೇಳುವುದು ಅವರ ಹಕ್ಕು; ಉತ್ತರಿಸುವುದು ಆಳುವವರ ಹೊಣೆ.

ಶಂಕೆಗೂ ಕಟ್ಟುಕಥೆಗೂ ಇರುವ ಈ ಅಂತರವನ್ನು ಲೋಕಪ್ರಸಿದ್ಧವಾದ ಇನ್ನೊಂದು ದುರಂತದಲ್ಲಿಯೂ ಕಾಣಬಹುದು. 1912ರ ಏಪ್ರಿಲ್ 15ರ ನಸುಕಿನಲ್ಲಿ ‘ಟೈಟಾನಿಕ್’ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿ ಸುಮಾರು 1500 ಮಂದಿ ಪ್ರಾಣ ಕಳೆದುಕೊಂಡರು. ಹಡಗು ನಮ್ಮ ಕಣ್ಣೆದುರೇ ಎರಡು ತುಂಡಾಯಿತೆಂದು ಬದುಕಿ ಬಂದ ಹಲವರು ಹೇಳಿದರು. ಬ್ರಿಟನ್ನಿನ ವಿಚಾರಣೆ ಆ ಮಾತನ್ನು ಒಪ್ಪಲಿಲ್ಲ; ಹಡಗು ಇಡಿಯಾಗಿಯೇ ಮುಳುಗಿತೆಂದಿತು. 1985ರ ಸೆಪ್ಟೆಂಬರ್ 1ರಂದು ಸುಮಾರು 3800 ಮೀಟರ್ ಆಳದಲ್ಲಿ ಅವಶೇಷ ದೊರೆತಾಗ ಅದು ಎರಡು ತುಂಡಾಗಿಯೇ ಬಿದ್ದಿತ್ತು. ಸರಕಾರದ ವರದಿ ತಪ್ಪಿತ್ತು, ಕಣ್ಣಾರೆ ಕಂಡವರ ಮಾತು ನಿಜವಾಗಿತ್ತು. ಆದುದರಿಂದ ಅಧಿಕಾರಸ್ಥರು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿಕೊಳ್ಳಿರೆಂದು ನಾವು ಹೇಳುವುದಿಲ್ಲ.

ಅದೇ ಹಡಗಿನ ಸುತ್ತ ಬೆಳೆದ ಕಟ್ಟುಕಥೆಯ ಬಗೆಯೇ ಬೇರೆ. ಮುಳುಗಿದ್ದು ಟೈಟಾನಿಕ್ ಅಲ್ಲವೇ ಅಲ್ಲ. ಅದರ ಜೋಡಿ ಹಡಗಾದ ‘ಒಲಿಂಪಿಕ್’ 1911ರಲ್ಲಿ ಯುದ್ಧನೌಕೆಯೊಂದಕ್ಕೆ ಡಿಕ್ಕಿಯಾಗಿ ಜಖಂಗೊಂಡಿತ್ತು, ಅದಕ್ಕೆ ಟೈಟಾನಿಕ್ ಎಂದು ಹೆಸರು ಬದಲಿಸಿ ವಿಮೆಯ ಹಣಕ್ಕಾಗಿ ಬೇಕೆಂದೇ ಮುಳುಗಿಸಿದರು ಎಂಬುದು ಆ ಕಥೆ. ಕೇಳಲು ರಸವತ್ತಾಗಿದೆ. ಆದರೆ ಟೈಟಾನಿಕ್ಕಿಗೆ ಮಾಡಿಸಿದ್ದ ವಿಮೆ ಅದನ್ನು ಕಟ್ಟಲು ತಗುಲಿದ ವೆಚ್ಚಕ್ಕಿಂತ ಕಡಿಮೆ. ಮುಳುಗಿಸಿ ಲಾಭ ಮಾಡುವುದೆಂತು? ಒಲಿಂಪಿಕ್ ಹಡಗು 1935ರವರೆಗೂ ಓಡಾಡಿತು. ಕಡಲ ತಳದಲ್ಲಿ ದೊರೆತ ಹಡಗಿನ ಪ್ರೊಪೆಲ್ಲರಿನ ಮೇಲೆ ಟೈಟಾನಿಕ್ಕಿನ ನಿರ್ಮಾಣ ಸಂಖ್ಯೆಯಾದ 401 ಕಾಣಿಸಿತು. ಇಷ್ಟಾದರೂ ನಂಬಿದವರು ಸುಮ್ಮನಾದರೆ? ಪ್ರೊಪೆಲ್ಲರನ್ನೂ ಬದಲಿಸಿದ್ದರು ಎಂದುಬಿಟ್ಟರು! ಸಾಕ್ಷಿ ಇಲ್ಲದಿದ್ದರೆ ಮುಚ್ಚಿಟ್ಟಿದ್ದಾರೆ ಎನ್ನುವುದು, ಸಾಕ್ಷಿ ಸಿಕ್ಕರೆ ಅದನ್ನೇ ಹುನ್ನಾರವೆನ್ನುವುದು. ಸೋಲಲು ದಾರಿಯೇ ಇಲ್ಲದ ವಾದ ಗೆದ್ದ ವಾದವಲ್ಲ. ಅದು ವಾದವೇ ಅಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಹಿಂದೆ ವದಂತಿ ಸಂತೆಯಿಂದ ಊರಿಗೆ ಬರಲು ಒಂದು ವಾರ ಬೇಕಾಗುತ್ತಿತ್ತು. ದಾರಿಯಲ್ಲಿ ಯಾರಾದರೊಬ್ಬ ಹಿರಿಯರು ಅದನ್ನು ತಡೆದು, ‘ಇದನ್ನು ಕಂಡವರಾರು?’ ಎಂದು ಕೇಳುತ್ತಿದ್ದರು. ಇಂದು ಅಂಗೈಯಗಲದ ಫೋನಿನಲ್ಲಿ ಮಲ್ಪೆಯ ಮಾತು ಕ್ಷಣಮಾತ್ರದಲ್ಲಿ ಬೆಳ್ತಂಗಡಿಯ ತೋಟದ ಮನೆಗೂ ಬರುತ್ತದೆ, ಘಟ್ಟದ ಮೇಲಿನ ನೆಂಟರಿಗೂ ತಲುಪುತ್ತದೆ. ತಡೆಯುವ ಹಿರಿಯರ ಕೈಯಲ್ಲಿಯೂ ಅದೇ ಫೋನು ಇದೆ. ಮನೆಯ ಮಕ್ಕಳು ನೋಡುತ್ತಿರುತ್ತಾರೆ. ಅಪ್ಪ ಅಮ್ಮ ಓದಿದ್ದನ್ನು ವಿಚಾರಿಸದೆ ಹತ್ತು ಮಂದಿಗೆ ದಾಟಿಸಿದರೆ ಮಕ್ಕಳು ಕಲಿಯುವುದೂ ಅದನ್ನೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದವರು ನಮ್ಮ ಹಿರಿಯರು. ಕಾಣದ ಕಡಲಿನ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಸುದ್ದಿಯೊಂದು ಬಂದಾಗ ಹೇಳಿದವರು ಕಂಡವರೇ, ಕೇಳಿದವರೇ ಎಂದು ವಿಚಾರಿಸೋಣ. ಅದು ಸುಳ್ಳಾಗಿದ್ದರೆ ಸುಳ್ಳೆಂದು ತಿಳಿಯುವ ದಾರಿಯುಂಟೇ ಎಂದು ನೋಡೋಣ. ಎಲ್ಲಕ್ಕಿಂತ ಮಿಗಿಲಾಗಿ, ಕಾಣೆಯಾದವನ ತಾಯಿ ಎದುರಿಗೆ ಕುಳಿತಿದ್ದರೆ ಈ ಮಾತನ್ನು ಆಡುತ್ತಿದ್ದೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಆಡಲಾರದ ಮಾತಾದರೆ ಅದು ನಮ್ಮಲ್ಲಿಯೇ ನಿಲ್ಲಲಿ. ಮುಳುಗಿದ ದೋಣಿಯನ್ನು ಮೇಲೆತ್ತುವುದು ನಮ್ಮ ಕೈಯಲ್ಲಿಲ್ಲ. ವದಂತಿಯನ್ನು ದಾಟಿಸದಿರುವುದು ನಮ್ಮ ಕೈಯಲ್ಲಿಯೇ ಇದೆ. ಬಂಧುಗಳು ಆಲೋಚಿಸಬೇಕೆಂದು ನಮ್ಮ ವಿನಂತಿ.