ಮನೆವಾರ್ತೆ: ಕಡಲಮೀನಿನ ತೊಟ್ಟಿಗೆ ಎಂಥ ನೀರು?

ಬೋರಿನ ನೀರಿನಲ್ಲಿ ತೊಳೆದು ಹಾಗೆಯೇ ಇಟ್ಟ ತಂಬಿಗೆಯು ಒಣಗಿದ ಬಳಿಕ ಅದರ ಮೇಲೆ ಬಿಳಿಯ ಕಲೆಗಳು ಮೂಡುವದನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಗೃಹಿಣಿಯರು ಬಲ್ಲರು. ನೀರು ಆರಿಹೋಯಿತು, ಅದರಲ್ಲಿ ಕರಗಿದ್ದುದು ಮಾತ್ರ ಉಳಿಯಿತು. ಮನೆಯಲ್ಲಿ ಕಡಲಮೀನುಗಳನ್ನು ಸಾಕುವವರು ಮೊದಲು ಕಲಿಯತಕ್ಕ ಪಾಠವು ಈ ಕಲೆಯಲ್ಲಿಯೇ ಇರುವದು.

ಕಾರವಾರದ ಕಡಲು ನಮ್ಮ ಎರೆಯ ನಾಡಿಗೆ ದೂರ. ಆದುದರಿಂದ ಇಲ್ಲಿಯ ಹವ್ಯಾಸಿಗಳು ಗಾಜಿನ ತೊಟ್ಟಿಯಲ್ಲಿ ಕಡಲನ್ನು ತಾವೇ ನಿರ್ಮಿಸಬೇಕಾಗುವದು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು ೩೫ ಗ್ರಾಮ್ ಲವಣಗಳಿರುತ್ತವೆ. ಅದಕ್ಕೆಂದೇ ಸಿದ್ಧಪಡಿಸಿದ ಕಡಲುಪ್ಪಿನ ಮಿಶ್ರಣವನ್ನು ಆ ಪ್ರಮಾಣದಲ್ಲಿ ನೀರಿಗೆ ಕದಡುತ್ತಾರೆ. ಅಡಿಗೆಯ ಉಪ್ಪು ಇದಕ್ಕೆ ನಡೆಯದು.

ಇಲ್ಲಿ ವಾಚಕರು ಒಂದು ಶಂಕೆಯನ್ನು ಎತ್ತಬಹುದು. ಕಡಲೇ ಉಪ್ಪಾಗಿರುವಾಗ ನಮ್ಮ ಸವುಳು ನೀರು ಆ ಮೀನಿಗೆ ಏನು ಕೆಡುಕು ಮಾಡೀತು? ಶಂಕೆಯು ಸಹಜವಾದುದೇ. ನಮ್ಮ ಸೀಮೆಯ ಬಾವಿಗಳಲ್ಲಿ ಮನುಷ್ಯರ ಹಲ್ಲು-ಎಲುಬುಗಳನ್ನು ಕೆಡಿಸುವ ಫ್ಲೋರೈಡ್ ಕೂಡ ಕಡಲನೀರಿನಲ್ಲಿ ಲೀಟರಿಗೆ ಸುಮಾರು ೧.೩ ಮಿಲಿಗ್ರಾಮಿನಷ್ಟು ಸ್ವಭಾವತಃ ಇದ್ದೇ ಇರುವದು. ಕೇಡು ಬರುವದು ಬೇರೆ ದಿಕ್ಕಿನಿಂದ. ಗೊಬ್ಬರದ ಹೊಲಗಳಿಂದಲೂ ಚರಂಡಿಗಳಿಂದಲೂ ಬಾವಿಗೆ ಇಳಿಯುವ ನೈಟ್ರೇಟ್, ಅದರೊಡನೆ ಫಾಸ್ಫೇಟ್, ಇವು ತೊಟ್ಟಿಯಲ್ಲಿ ಪಾಚಿಯನ್ನು ಬೆಳೆಸುವವು. ಸಿಲಿಕೇಟಿನಿಂದ ಗಾಜಿಗೆ ಕಂದುಬಣ್ಣದ ಪೊರೆ ಹತ್ತುವದು. ತಾಮ್ರವು ಅತ್ಯಲ್ಪವಾಗಿ ಸೇರಿದರೂ ಸೀಗಡಿ, ಹವಳಗಳಿಗೆ ವಿಷವಾಗುವದು. ತುಂಗಭದ್ರೆಯಿಂದ ಏರಿಸಿ ತಂದ ನಳದ ನೀರಿನಲ್ಲಿ ಕ್ರಿಮಿನಾಶಕ್ಕಾಗಿ ಬೆರೆಸಿದ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುವದಲ್ಲದೆ, ತೊಟ್ಟಿಯ ಹೊಲಸನ್ನು ಶುದ್ಧಿಗೊಳಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುವದು.

ಇದೆಲ್ಲ ಒಂದು ದಿನದ ಮಾತಲ್ಲ. ೧೦೦ ಲೀಟರಿನ ತೊಟ್ಟಿಯಿಂದ ನಮ್ಮ ಬೇಸಿಗೆಯಲ್ಲಿ ದಿನಕ್ಕೆ ೧ ಲೀಟರ್ ಆರುವದೆಂದು ತಿಳಿಯೋಣ. ಲೀಟರಿಗೆ ೧ ಗ್ರಾಮ್ ಕರಗಿದ ಪದಾರ್ಥವುಳ್ಳ ನೀರನ್ನು ದಿನಾಲು ತುಂಬಿದರೆ, ೧೦೦ ದಿನಗಳಲ್ಲಿ ೧೦೦ ಗ್ರಾಮ್ ಪದಾರ್ಥವು ತೊಟ್ಟಿಯಲ್ಲಿ ಕೂಡಿಕೊಳ್ಳುವದು. ಹೊರಗೆ ಹೋದುದು ನೀರು ಮಾತ್ರ.

ಕಾಯಿಸಿ ಆರಿಸಿದರೆ ಸಾಕೆಂಬುವರುಂಟು. ನೀರನ್ನು ಒಂದು ದಿನ ತೆರೆದಿಟ್ಟರೂ ಕಾಯಿಸಿದರೂ ಕ್ಲೋರಿನ್ ಹೋಗುವದು ನಿಜ. ಆದರೆ ನೈಟ್ರೇಟ್, ತಾಮ್ರಗಳು ಹೋಗಲಾರವು. ಅವನ್ನು ತೆಗೆಯಲು ಆರ್.ಓ. ಯಂತ್ರವೇ ಬೇಕು. ಕುಡಿಯುವದಕ್ಕೆ ಒಳ್ಳೆಯದಾದುದೆಲ್ಲ ತೊಟ್ಟಿಗೂ ಒಳ್ಳೆಯದೆಂದು ಭಾವಿಸಬಾರದು. ರುಚಿಗಾಗಿ ಖನಿಜಗಳನ್ನು ಮರಳಿ ಬೆರೆಸುವ ಯಂತ್ರಗಳೂ ಇವೆ. ಟಿ.ಡಿ.ಎಸ್. ಮಾಪಕವನ್ನು ಅದ್ದಿ ನೋಡಿ, ಅಂಕಿಯು ಸೊನ್ನೆಗೆ ಎಷ್ಟು ಸಮೀಪವಿದ್ದರೆ ಅಷ್ಟು ಲೇಸು.

ಆದರೆ ಬದಲಾವಣೆಯಲ್ಲಿ ಆತುರ ಸಲ್ಲದು. ಆರಿದಷ್ಟನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ವಾರಕ್ಕೊಮ್ಮೆ ತೊಟ್ಟಿಯ ಐದನೆಯ ಒಂದು ಪಾಲನ್ನು ತೆಗೆದು, ಶುದ್ಧ ನೀರಿನಲ್ಲಿ ಹಿಂದಿನ ದಿನವೇ ಕಡಲುಪ್ಪನ್ನು ಕರಗಿಸಿಟ್ಟು, ಉಪ್ಪು ಬಿಸುಪುಗಳೆರಡೂ ತೊಟ್ಟಿಯಷ್ಟೇ ಇರುವದನ್ನು ನೋಡಿಕೊಂಡು ಹಾಕಬೇಕು. ಐದು ವಾರಗಳಲ್ಲಿ ಹಳೆಯ ನೀರು ಮೂರರಲ್ಲೊಂದು ಪಾಲಿಗೆ, ಹತ್ತು ವಾರಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುವದು. ಒಮ್ಮೆಲೆ ಎಲ್ಲವನ್ನೂ ಬದಲಿಸಿದರೆ ಮೀನು ಆ ಏರುಪೇರನ್ನು ತಾಳಲಾರದು.

ಇನ್ನು ನಮ್ಮ ಮನಸ್ಸನ್ನು ಕೊರೆಯುವ ಮಾತೊಂದುಂಟು. ಮನೆಯ ಆರ್.ಓ. ಯಂತ್ರವು ಒಂದು ಕೊಡ ಶುದ್ಧ ನೀರು ಕೊಡುವಾಗ ಸಾಮಾನ್ಯವಾಗಿ ಮೂರು ಕೊಡದಷ್ಟನ್ನು ಹೊರಗೆ ಬಿಡುವದು. ವಾರಕ್ಕೆ ೨೦ ಲೀಟರ್ ಬದಲಿಸಿದರೆ ೬೦ ಲೀಟರ್ ಚರಂಡಿಯ ಪಾಲು. ನಳದ ದಾರಿಯನ್ನು ದಿನಗಟ್ಟಲೆ ಕಾದು ಬ್ಯಾರಲ್ಲು ತುಂಬಿಕೊಂಡ ಊರುಗಳಲ್ಲಿ ಇದು ವಿನೋದಕ್ಕಾಗಿ ತೆರುವ ದಂಡವಾಗಕೂಡದು. ಆ ನೀರನ್ನು ಹಿಡಿದಿಟ್ಟು ಪಾತ್ರೆ ಬೆಳಗಲು, ನೆಲ ಒರಸಲು, ಶೌಚಕ್ಕೆ ಬಳಸಬೇಕು. ಗಿಡಗಳಿಗೆ ಮಾತ್ರ ನಿತ್ಯವೂ ಹಾಕಬಾರದು. ಎರೆಯ ನೆಲವು ಬೇಗನೆ ಸವುಳಾಗುವದು.

ಇಷ್ಟು ವ್ಯವಸ್ಥೆ ಮಾಡಲಾರದವರು ಸಿಹಿನೀರಿನ ಮೀನುಗಳನ್ನು ಸಾಕಲಿ ಎಂಬುದೇ ನಮ್ಮ ಸಲಹೆ. ಕ್ಲೋರಿನ್ ಕಳೆದ ನಳದ ನೀರಿನಲ್ಲಿ ಅವುಗಳಲ್ಲಿ ಹಲವು ಸುಖವಾಗಿರುವವು. ಗಾಜಿನ ಹಿಂದೆ ಕಡಲಿನ ಚೆಲುವನ್ನು ಇಡಬಯಸುವವರು, ನೆರೆಮನೆಯ ಖಾಲಿ ಕೊಡವನ್ನೂ ಒಮ್ಮೆ ನೋಡಿ ಆ ಕೆಲಸಕ್ಕೆ ಕೈಹಾಕತಕ್ಕದ್ದು.