ಗರ್ಭಪಾತದ ಗುಳಿಗೆಯೂ ಕೇಳದೆ ಬಿಟ್ಟ ಪ್ರಶ್ನೆಗಳೂ

ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಗರ್ಭಪಾತದ ಗುಳಿಗೆಗಳನ್ನು ಕೊಂಡು, ಮನೆಯಲ್ಲಿ ಗುಟ್ಟಾಗಿ ಸೇವಿಸಿ, ರಕ್ತಸ್ರಾವವು ಮಿತಿಮೀರಿದ ಮೇಲೆ ಆಸ್ಪತ್ರೆಗೆ ಓಡಿಬರುವ ಸ್ತ್ರೀಯರ ವಿಷಯವು ನಮ್ಮ ವಾಚಕರಿಗೆ ಹೊಸದಲ್ಲ. ಇದು ಪತ್ರಿಕೆಯಲ್ಲಿ ಚರ್ಚಿಸತಕ್ಕುದಲ್ಲವೆಂದು ಮೂಗು ಮುರಿಯುವ ಮಹನೀಯರೂ ಉಂಟು. ಬಾಯಿ ಮುಚ್ಚಿಕೊಂಡುದರಿಂದ ಯಾವ ಮನೆಯ ಮರ್ಯಾದೆಯೂ ಉಳಿದುದನ್ನು ನಾವು ಕಂಡಿಲ್ಲ.

ಗುಳಿಗೆಯು ಸ್ವತಃ ವಿಷವಲ್ಲ. ಮೊದಲು ಕೊಡುವ 200 ಮಿಲಿಗ್ರಾಮಿನ ಮಿಫೆಪ್ರಿಸ್ಟೋನ್, ಗರ್ಭವನ್ನು ಹಿಡಿದು ನಿಲ್ಲಿಸಿರುವ ಪ್ರೊಜೆಸ್ಟಿರೋನಿನ ಕೆಲಸವನ್ನು ತಡೆಯುತ್ತದೆ. ಒಂದೆರಡು ದಿನಗಳ ಮೇಲೆ ಕೊಡುವ ಮಿಸೊಪ್ರೊಸ್ಟಾಲ್ ಗರ್ಭಾಶಯವನ್ನು ಸಂಕೋಚಗೊಳಿಸುತ್ತದೆ. ಕಡೆಯ ಮುಟ್ಟಿನ ಮೊದಲ ದಿನದಿಂದೆಣಿಸಿ 9 ವಾರಗಳೊಳಗೆ, ತರಬೇತಿ ಹೊಂದಿದ ವೈದ್ಯರು ಇದನ್ನು ಕೊಡಲು ನಮ್ಮ ಕಾನೂನು ಅವಕಾಶ ಮಾಡಿದೆ. ಹಾಗೆ ಕೊಟ್ಟಲ್ಲಿ ಅಪಾಯವು ಅತ್ಯಲ್ಪವು.

ಅಂಗಡಿಯವನು ಕೇಳದೆ ಬಿಡುವ ಪ್ರಶ್ನೆಗಳಲ್ಲಿಯೇ ಪ್ರಾಣವಿದೆ. ಗರ್ಭವು ನಿಂತಿರುವುದು ಗರ್ಭಾಶಯದಲ್ಲಿಯೋ, ಅಂಡನಾಳದಲ್ಲಿಯೋ? ನಾಳದಲ್ಲಿ ನಿಂತ ಗರ್ಭವನ್ನು ಈ ಗುಳಿಗೆಯು ತೆಗೆಯಲಾರದು. ನೋವು ಹೆಚ್ಚಿದಂತೆಲ್ಲ ಔಷಧವು ಕೆಲಸ ಮಾಡುತ್ತಿದೆಯೆಂದು ನಂಬಿ ಆಕೆ ಹಲ್ಲು ಕಚ್ಚಿ ಸಹಿಸುತ್ತಿರಲು, ಒಳಗೆ ನಾಳವೊಡೆದು ಹೊಟ್ಟೆಯಲ್ಲಿ ರಕ್ತವು ತುಂಬುತ್ತಿರಬಹುದು. ಹಾಕಿಸಿದ ವಂಕಿಯು ಒಳಗೇ ಉಳಿದಿದೆಯೆ? ರಕ್ತವು ಹೆಪ್ಪುಗಟ್ಟದ ರೋಗವುಂಟೆ? ಬಹುಕಾಲದಿಂದ ಸ್ಟಿರಾಯ್ಡ್ ಸೇವನೆ ನಡೆದಿದೆಯೆ? ರಕ್ತಹೀನತೆ ತೀವ್ರವಾಗಿದೆಯೆ? ಈ ಕಡೆಯದು ಸಣ್ಣ ಮಾತಲ್ಲ. 15ರಿಂದ 49 ವಯಸ್ಸಿನ ನಮ್ಮ ದೇಶದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಗಂಟೆಗೆ ಎರಡು ದೊಡ್ಡ ಪ್ಯಾಡುಗಳು ತೊಯ್ಯುವಂತೆ ಎರಡು ಗಂಟೆ ರಕ್ತ ಹೋದರೆ ಕೂಡಲೆ ಆಸ್ಪತ್ರೆಗೆ ಹೋಗತಕ್ಕುದೆಂದು ಆಕೆಗೆ ಹೇಳುವವರಾರು? ಎರಡು ವಾರಗಳ ತರುವಾಯ ಮರುಪರೀಕ್ಷೆಗೆ ಕರೆಯುವವರಾರು?

ಅಂಗಡಿಗಳನ್ನು ಶೋಧಿಸಿದರೆ ತೀರಿತೆಂದು ಅಧಿಕಾರಿವರ್ಗದವರು ಭಾವಿಸುವಂತಿದೆ. ಆದರೆ ಆಕೆ ಅಂಗಡಿಗೆ ಹೋದುದೇಕೆ? ಆಸ್ಪತ್ರೆಯಲ್ಲಿ "ಗಂಡನೆಲ್ಲಿ? ಮದುವೆಯಾಗಿದೆಯೇ?" ಎಂದು ನಾಲ್ಕು ಜನರ ಮುಂದೆ ಕೇಳುತ್ತಾರೆಂಬ ಭಯದಿಂದ! 1971ರ ಶಾಸನವು 18 ವರ್ಷ ತುಂಬಿದ, ಸ್ವಸ್ಥಚಿತ್ತಳಾದ ಸ್ತ್ರೀಯ ವಿಷಯದಲ್ಲಿ ಆಕೆಯೊಬ್ಬಳ ಒಪ್ಪಿಗೆಯನ್ನಲ್ಲದೆ ಮತ್ತಾರ ಸಹಿಯನ್ನೂ ಬೇಡುವುದಿಲ್ಲ. ಕುಟುಂಬದವರ ಒಪ್ಪಿಗೆ ತರಬೇಕೆಂದು ವೈದ್ಯರು ಹಟ ಹಿಡಿಯುವುದನ್ನು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕ್ಷೇಪಿಸಿ, ಅವಿವಾಹಿತೆಗೂ ಈ ಹಕ್ಕುಂಟೆಂದು ತೀರ್ಪಿತ್ತಿತು. ಆಕೆಯ ಹೆಸರನ್ನು ಹೊರಗೆಡಹಿದವರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು 2021ರ ತಿದ್ದುಪಡಿಯು ವಿಧಿಸಿದೆ. ಹೊರರೋಗಿಗಳ ವಿಭಾಗದಲ್ಲಿ ಚೀಟಿ ಬರೆಯುವ ಗುಮಾಸ್ತನಿಗೆ ಇದನ್ನು ಯಾರಾದರೂ ತಿಳಿಸಿರುವರೆ?

ಯಾವ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಚಿಕಿತ್ಸೆಯ ತರಬೇತಿ ಪಡೆದ ವೈದ್ಯರು ಯಾವ ವೇಳೆಯಲ್ಲಿ ದೊರೆಯುವರೆಂಬ ಪಟ್ಟಿಯನ್ನು ಆರೋಗ್ಯ ಇಲಾಖೆಯವರು ಕೂಡಲೆ ಸಿದ್ಧಪಡಿಸಬೇಕೆಂದು ಒತ್ತಾಯಪಡಿಸುತ್ತೇವೆ. ಅವರು ಕಳುಹಿಸಿಕೊಟ್ಟಲ್ಲಿ, ಜಾಹೀರಾತಿನ ದರವನ್ನು ಕೇಳದೆ, ಇದೇ ಪುಟದಲ್ಲಿ ನಾವು ಅಚ್ಚು ಹಾಕುವೆವು.